ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಒಯ್ಯುವುದೇಕೆ?

ಇಷ್ಟು ಕಷ್ಟಪಟ್ಟು, ಇಷ್ಟು ಹಣ ಸುರಿದು, ದೂರದರ್ಶಕವನ್ನು ರಾಕೆಟ್ಟಿನಲ್ಲಿ ಮೇಲಕ್ಕೆ ಸಾಗಿಸುವುದೇಕೆ ಎಂದು ಕೇಳಿದಾಗ ನಿಮ್ಮಲ್ಲಿ ಹಲವರು ‘ನಕ್ಷತ್ರಗಳಿಗೆ ಹತ್ತಿರವಾಗಲು’ ಎಂದಿರಿ. ಲೆಕ್ಕ ಹಾಕಿ ನೋಡೋಣ. ಹಬಲ್ ದೂರದರ್ಶಕ ಭೂಮಿಯನ್ನು ಸುತ್ತುತ್ತಿರುವುದು ನೆಲದಿಂದ ಐನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಹೈದರಾಬಾದಿಗೆ ಇರುವಷ್ಟು ದೂರ ಅದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷದಾಚೆ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿ. ಅದರಲ್ಲಿ ಐನೂರು ಕಿಲೋಮೀಟರ್ ಕಳೆದರೇನು, ಕೂಡಿದರೇನು? ನಾವು ದಾಟಬೇಕಾಗಿರುವುದು ನಮ್ಮ ತಲೆಯ ಮೇಲಿರುವ ಗಾಳಿಯನ್ನು.

ಗಾಳಿಯ ತೊಂದರೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮಿನುಗು. ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳನ್ನು ಹಾದು ಬರುವಾಗ ನಕ್ಷತ್ರದ ಬೆಳಕು ಕ್ಷಣಕ್ಷಣಕ್ಕೂ ಅತ್ತಿತ್ತ ಬಾಗುತ್ತದೆ. ಬಿಂದುವಾಗಿ ಕಾಣಬೇಕಾದ ನಕ್ಷತ್ರ ಚಿತ್ರದಲ್ಲಿ ಕದಡಿ ಹರಡಿಕೊಳ್ಳುತ್ತದೆ. ಒಳ್ಳೆಯ ಬೆಟ್ಟದ ತುದಿಯಲ್ಲಿ, ಒಳ್ಳೆಯ ರಾತ್ರಿಯಲ್ಲೂ ಆ ಹರಡುವಿಕೆ ಅರ್ಧದಿಂದ ಒಂದು ಆರ್ಕ್ ಸೆಕೆಂಡಿನಷ್ಟಿರುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್. ಹಬಲ್ ಇದರ ಹತ್ತನೇ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದ ವಿವರಗಳನ್ನು ಬಿಡಿಸಿ ತೋರಿಸಬಲ್ಲದು. ಆದರೆ ಈ ಒಂದು ಕಾರಣಕ್ಕಾಗಿಯೇ ಬಾಹ್ಯಾಕಾಶಕ್ಕೆ ಹೋಗಬೇಕು ಎಂಬ ವಾದ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಚಿಲಿ, ಹವಾಯಿಗಳಲ್ಲಿರುವ ದೊಡ್ಡ ದೂರದರ್ಶಕಗಳು ತಮ್ಮ ಒಂದು ಚಿಕ್ಕ ಕನ್ನಡಿಯ ಮೈಯನ್ನು ಸೆಕೆಂಡಿಗೆ ನೂರಾರು ಬಾರಿ ಬಾಗಿಸಿ, ಗಾಳಿ ಕೆಡಿಸಿದ ಬೆಳಕನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ.

ಯಾವ ಜಾಣತನದಿಂದಲೂ ಸರಿಪಡಿಸಲಾಗದ ತೊಂದರೆ ಇನ್ನೊಂದಿದೆ. ಬೆಳಕಿನ ಬಹುಪಾಲು ಬಗೆಗಳು ನೆಲಕ್ಕೆ ಬರುವುದೇ ಇಲ್ಲ. ಸುಮಾರು 300 ನ್ಯಾನೋಮೀಟರಿಗಿಂತ ಕಡಿಮೆ ತರಂಗದೂರದ ಅತಿನೇರಳೆ ಬೆಳಕನ್ನು ಓಝೋನ್ ಮತ್ತು ಆಮ್ಲಜನಕ ತಡೆದುಬಿಡುತ್ತವೆ. ಜೀವಿಗಳ ಪ್ರಾಣ ಉಳಿಸಿರುವುದು ಅದೇ ತಡೆ. ಖಗೋಳ ವಿಜ್ಞಾನಕ್ಕೆ ಅದೇ ಪರದೆ. ಅವಕೆಂಪು ಬೆಳಕಿನ ಬಹುಭಾಗವನ್ನು ನೀರಾವಿ ಹೀರುತ್ತದೆ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ತನ್ನ ಎರಡು ಮೀಟರ್ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದು ಅಲ್ಲಿನ ಗಾಳಿ ತೆಳುವೂ ಒಣಗಿದ್ದೂ ಆಗಿರುವುದರಿಂದ. ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಹಾನ್ಲೆಯ ಆ ದೂರದರ್ಶಕವನ್ನು ತಿರುಗಿಸುತ್ತಾರೆ ಎಂಬುದನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ತಿಳಿಯದು. ಅವಕೆಂಪಿನ ಕೆಲವು ಕಿಟಕಿಗಳು ಅಷ್ಟು ಎತ್ತರದಲ್ಲಿ ತೆರೆದುಕೊಳ್ಳುತ್ತವೆ. ಅತಿನೇರಳೆ ಮತ್ತು ಕ್ಷ-ಕಿರಣಗಳ ಮಟ್ಟಿಗೆ ಮಾತ್ರ ಭೂಮಿಯ ಯಾವ ಬೆಟ್ಟವೂ ಸಾಲದು.

ಕ್ಷ-ಕಿರಣ ನಮ್ಮ ಕೈಯನ್ನೇ ಹಾದುಹೋಗಿ ಎಲುಬು ತೋರಿಸುತ್ತದೆ, ಅದಕ್ಕೆ ಗಾಳಿ ಯಾವ ಲೆಕ್ಕ ಎಂದು ಇಲ್ಲೊಬ್ಬ ವಿದ್ಯಾರ್ಥಿನಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಗಾಳಿಯ ತೂಕದಲ್ಲಿದೆ. ನಿಮ್ಮ ಉಗುರಿನಷ್ಟು ಜಾಗ, ಒಂದು ಚದರ ಸೆಂಟಿಮೀಟರ್ ಎಂದುಕೊಳ್ಳಿ. ಅದರ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯ ಕಂಬದ ತೂಕ ಸುಮಾರು ಒಂದು ಕಿಲೋಗ್ರಾಂ. ಅಷ್ಟೇ ಜಾಗದ ಮೇಲೆ ಹತ್ತು ಮೀಟರ್ ನೀರು ನಿಲ್ಲಿಸಿದರೂ ಅದೇ ತೂಕ. ನಿಮ್ಮ ಅಂಗೈಯ ದಪ್ಪ ಎರಡು ಮೂರು ಸೆಂಟಿಮೀಟರ್. ನಕ್ಷತ್ರದಿಂದ ಬರುವ ಕ್ಷ-ಕಿರಣ ಹತ್ತು ಮೀಟರ್ ನೀರನ್ನು ಹಾದು ಬರಬೇಕಾದಷ್ಟು ಕಷ್ಟಪಡಬೇಕು. ಅದು ದಾರಿಯಲ್ಲೇ, ಬಹಳ ಎತ್ತರದಲ್ಲೇ ಮುಗಿದುಹೋಗುತ್ತದೆ.

ಇದರಿಂದ ನಮಗಾಗುವ ನಷ್ಟವೇನು? ವಸ್ತು ಎಷ್ಟು ಬಿಸಿಯೋ ಅದರ ಬೆಳಕು ಅಷ್ಟು ಗಿಡ್ಡ ತರಂಗದೂರದಲ್ಲಿ ಹೆಚ್ಚಾಗಿರುತ್ತದೆ. ಸೂರ್ಯನ ಮೇಲ್ಮೈ 6,000 ಡಿಗ್ರಿಗೆ ಸ್ವಲ್ಪ ಕಡಿಮೆ. ಹಾಗಾಗಿ ಅದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಉಜ್ವಲ. 20,000–30,000 ಡಿಗ್ರಿಯ ಎಳೆಯ ನಕ್ಷತ್ರಗಳು ತಮ್ಮ ಬೆಳಕಿನ ಹೆಚ್ಚಿನ ಪಾಲನ್ನು ಅತಿನೇರಳೆಯಲ್ಲಿ ಸುರಿಯುತ್ತವೆ. ಕಪ್ಪುಕುಳಿಯೊಳಗೆ ಬೀಳುತ್ತಿರುವ ಅನಿಲ ಲಕ್ಷಾಂತರ, ಕೋಟ್ಯಂತರ ಡಿಗ್ರಿಗೆ ಕಾದು ಕ್ಷ-ಕಿರಣ ಸೂಸುತ್ತದೆ. ನಕ್ಷತ್ರ ಹುಟ್ಟುವ ತಣ್ಣನೆಯ ದೂಳಿನ ಮೋಡಗಳು ಅವಕೆಂಪಿನಲ್ಲಷ್ಟೇ ಹೊಳೆಯುತ್ತವೆ. ಗೆಲಿಲಿಯೋ ಕಾಲದಿಂದ ಸುಮಾರು ಮುನ್ನೂರು ವರ್ಷ ನಾವು ಓದಿದ್ದು ಮಧ್ಯಮ ಬಿಸಿಯ ವಸ್ತುಗಳ ಆಕಾಶವನ್ನು ಮಾತ್ರ. ಅತಿ ಬಿಸಿಯದೂ ಅತಿ ತಣ್ಣನೆಯದೂ ಇದ್ದವು, ನಮಗೆ ಗೊತ್ತಿರಲಿಲ್ಲ.

ಇದನ್ನು ಮೊದಲೇ ಕಂಡುಕೊಂಡವರು ಅಮೆರಿಕದ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್. ಅವರು 1946ರಲ್ಲಿ, ಅಂದರೆ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರುವುದಕ್ಕೆ ಹನ್ನೊಂದು ವರ್ಷ ಮುಂಚೆ, ಭೂಮಿಯಾಚೆಗಿನ ವೀಕ್ಷಣಾಲಯದ ಪ್ರಯೋಜನಗಳ ಕುರಿತು ಒಂದು ವರದಿ ಬರೆದರು. ಈಗ ನಮಗೆ ಗೊತ್ತಿರುವ ಪ್ರಶ್ನೆಗಳಿಗೆ ಉತ್ತರ ಸಿಗುವುದಕ್ಕಿಂತಲೂ ಯಾರೂ ಊಹಿಸದ ಹೊಸ ಸಂಗತಿಗಳು ಸಿಗುವುದೇ ಅಂಥ ದೂರದರ್ಶಕದ ದೊಡ್ಡ ಲಾಭ ಎಂಬುದು ಅವರ ವಾದವಾಗಿತ್ತು.

ಆ ಮಾತು ನಿಜವಾಗಲು ಹದಿನಾರು ವರ್ಷ ಸಾಕಾಯಿತು. 1962ರ ಜೂನ್‌ನಲ್ಲಿ ರಿಕಾರ್ಡೊ ಜಿಯಕೋನಿ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಒಂದು ಚಿಕ್ಕ ರಾಕೆಟ್ ಹಾರಿಸಿದರು. ಸೂರ್ಯನ ಕ್ಷ-ಕಿರಣ ತಗುಲಿ ಚಂದ್ರನ ಮೈ ಮಿನುಗುತ್ತದೆಯೇ ಎಂದು ನೋಡುವುದು ಯೋಜನೆಯ ಘೋಷಿತ ಉದ್ದೇಶ. ರಾಕೆಟ್ ವಾತಾವರಣದ ದಟ್ಟ ಪದರಗಳಿಂದ ಮೇಲಿದ್ದು ಸುಮಾರು ಆರು ನಿಮಿಷ. ಅಷ್ಟರಲ್ಲೇ ಅದರ ಉಪಕರಣಕ್ಕೆ ವೃಶ್ಚಿಕ ರಾಶಿಯ ಕಡೆಯಿಂದ ಬಲವಾದ ಕ್ಷ-ಕಿರಣ ಬಡಿಯಿತು. ಮಾಮೂಲಿ ನಕ್ಷತ್ರ ಸೂರ್ಯನಷ್ಟೇ ಕ್ಷ-ಕಿರಣ ಸೂಸಿದರೆ ಇಷ್ಟು ದೂರಕ್ಕೆ ಅದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಸ್ಕಾರ್ಪಿಯಸ್ ಎಕ್ಸ್-1 ಎಂದು ಹೆಸರು ಪಡೆದ ಆ ಆಕಾಶಕಾಯ, ಪಕ್ಕದ ನಕ್ಷತ್ರದಿಂದ ಅನಿಲ ಸೆಳೆದುಕೊಳ್ಳುತ್ತಿರುವ ಒಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಅತಿ ಸಾಂದ್ರವಾದ ತಿರುಳು. ಸೂರ್ಯನ ಒಟ್ಟು ಬೆಳಕಿನ ಹತ್ತಾರು ಸಾವಿರ ಪಟ್ಟು ಶಕ್ತಿಯನ್ನು ಅದು ಬರೀ ಕ್ಷ-ಕಿರಣದಲ್ಲಿ ಹೊರಚೆಲ್ಲುತ್ತದೆ. ಆರು ನಿಮಿಷದ ಆ ನೋಟದಿಂದ ಒಂದು ವಿಜ್ಞಾನ ಶಾಖೆಯೇ ಹುಟ್ಟಿತು. 2002ರಲ್ಲಿ ಜಿಯಕೋನಿಯವರಿಗೆ ನೊಬೆಲ್ ಬಂತು.

ಆ ರಾಕೆಟ್ ಹಾರಿದ ಎಂಟು ವರ್ಷಗಳ ಬಳಿಕ, 1970ರ ಡಿಸೆಂಬರ್ 12ರಂದು, ಕೆನ್ಯಾದ ಕಡಲ ತೀರದಾಚೆಯ ಒಂದು ಉಡಾವಣಾ ವೇದಿಕೆಯಿಂದ ಕ್ಷ-ಕಿರಣ ನೋಡಲೆಂದೇ ರಚಿಸಿದ ಮೊದಲ ಉಪಗ್ರಹ ಹಾರಿತು. ಅಂದು ಕೆನ್ಯಾದ ಸ್ವಾತಂತ್ರ್ಯ ದಿನ. ಹಾಗಾಗಿ ಅದಕ್ಕೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಎಂಬ ಅರ್ಥದ ‘ಉಹುರು’ ಎಂಬ ಹೆಸರಿಟ್ಟರು. ಮುನ್ನೂರಕ್ಕೂ ಹೆಚ್ಚು ಕ್ಷ-ಕಿರಣ ಮೂಲಗಳನ್ನು ಅದು ಪಟ್ಟಿ ಮಾಡಿತು. ಸಿಗ್ನಸ್ ಎಕ್ಸ್-1 ಎಂಬ ಕ್ಷ-ಕಿರಣ ಮೂಲ ಕಪ್ಪುಕುಳಿಯೇ ಇರಬೇಕು ಎಂಬ ಅನುಮಾನ ಬಲಗೊಂಡದ್ದೂ ಉಹುರುವಿನ ಮಾಹಿತಿಯಿಂದಲೇ.

ಅದೇ ಕಾಲದಲ್ಲಿ ನಮ್ಮವರೂ ಸುಮ್ಮನೆ ಕುಳಿತಿರಲಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೈದರಾಬಾದಿನಿಂದ ಭಾರಿ ಬಲೂನುಗಳಲ್ಲಿ ಉಪಕರಣಗಳನ್ನು ಮೇಲಕ್ಕೆ ಕಳಿಸಿ ಕ್ಷ-ಕಿರಣ ಅಳೆಯುತ್ತಿದ್ದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ ಆರ್ಯಭಟ ನಿಮಗೆಲ್ಲ ಗೊತ್ತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ ಆ ಉಪಗ್ರಹದೊಳಗೆ ಒಂದು ಕ್ಷ-ಕಿರಣ ಖಗೋಳ ಉಪಕರಣವೂ ಇತ್ತು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಪ್ರಯೋಗಗಳು ನಿಂತವು. ಆದರೂ ಈ ದೇಶ ಮೊಟ್ಟಮೊದಲ ಬಾರಿಗೆ ಒಂದು ಉಪಗ್ರಹ ಕಟ್ಟಿದಾಗ ಅದರಲ್ಲಿ ದೂರದ ನಕ್ಷತ್ರಗಳನ್ನು ನೋಡಲು ಜಾಗ ಮಾಡಿಕೊಟ್ಟರಲ್ಲ, ಅದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಕ್ಷ-ಕಿರಣವನ್ನು ಒಂದೆಡೆ ಕೂಡಿಸಿ ಚಿತ್ರ ಮಾಡುವುದು ಹೇಗೆ ಎಂಬುದನ್ನೂ ಹೇಳಬೇಕು. ಮಾಮೂಲಿ ಕನ್ನಡಿಗೆ ನೇರವಾಗಿ ಬಡಿದರೆ ಕ್ಷ-ಕಿರಣ ಒಳಹೊಕ್ಕು ಹೀರಿಹೋಗುತ್ತದೆ. ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ಮೇಲಿನಿಂದ ಎಸೆದರೆ ಮುಳುಗುತ್ತದೆ, ನೀರಿನ ಮೈಗೆ ಸವರಿಕೊಂಡು ಹೋಗುವಂತೆ ಎಸೆದರೆ ಪುಟಿಯುತ್ತಾ ಹೋಗುತ್ತದೆ. ಕ್ಷ-ಕಿರಣವೂ ಕನ್ನಡಿಯ ಮೈಗೆ ಬಹುತೇಕ ಸಮಾಂತರವಾಗಿ ಬಂದಾಗ ಮಾತ್ರ ಪ್ರತಿಫಲಿಸುತ್ತದೆ. ಆದ್ದರಿಂದ ಕ್ಷ-ಕಿರಣ ದೂರದರ್ಶಕದ ಕನ್ನಡಿ ತಟ್ಟೆಯ ಆಕಾರದಲ್ಲಿರದೆ ಕೊಳವೆಯ ಆಕಾರದಲ್ಲಿರುತ್ತದೆ. ಒಂದರೊಳಗೊಂದು ಸೇರಿಸಿದ ಕೊಳವೆಗಳು. 1999ರ ಜುಲೈನಲ್ಲಿ ಕೊಲಂಬಿಯಾ ನೌಕೆಯಲ್ಲಿ ಮೇಲೇರಿದ ನಾಸಾದ ಚಂದ್ರ ವೀಕ್ಷಣಾಲಯದಲ್ಲಿ ಇಂಥ ನಾಲ್ಕು ಜೋಡಿ ಕನ್ನಡಿಗಳಿವೆ, ಅವುಗಳಿಗೆ ಇರಿಡಿಯಂ ಲೇಪ. ಹೆಸರು ಕೇಳಿ ಚಂದ್ರನ ನೆನಪಾಗಬಹುದು. ಅದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಗೌರವಾರ್ಥ ಇಟ್ಟದ್ದು. 1930ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು ಅವರು ಶ್ವೇತ ಕುಬ್ಜ ನಕ್ಷತ್ರದ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರದ, ತೂಕಕ್ಕೆ ಮಿತಿಯಿದೆ ಎಂದು ಲೆಕ್ಕ ಹಾಕಿದರು. ಆ ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು, ಅಂದರೆ ನ್ಯೂಟ್ರಾನ್ ನಕ್ಷತ್ರಗಳನ್ನೂ ಕಪ್ಪುಕುಳಿಗಳನ್ನೂ, ಈ ದೂರದರ್ಶಕ ನೋಡುತ್ತಾ ಬಂದಿದೆ. ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿರಲಾರದು.

ಈಗ ಹಬಲ್. ಅದರ ಕಥೆ ನಿಮಗೆ ಬಹಳಷ್ಟು ಗೊತ್ತಿರುವುದರಿಂದ ಬೇಗ ಹೇಳಿ ಮುಂದೆ ಹೋಗುತ್ತೇನೆ. 1990ರ ಏಪ್ರಿಲ್‌ನಲ್ಲಿ ಅದು ಕಕ್ಷೆ ಸೇರಿದ ಮೇಲೆ ಚಿತ್ರಗಳು ಮಸುಕಾಗಿ ಬಂದವು. 2.4 ಮೀಟರ್ ಅಗಲದ ಕನ್ನಡಿಯ ಅಂಚು ಬೇಕಾದದ್ದಕ್ಕಿಂತ ಸುಮಾರು ಎರಡು ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಕನ್ನಡಿಯನ್ನು ಪರೀಕ್ಷಿಸಲು ಬಳಸಿದ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕುಳಿತದ್ದೇ ಕಾರಣ. ಉಜ್ಜಿದವರ ಕೈ ತಪ್ಪಲಿಲ್ಲ, ಅಳತೆಗೋಲೇ ತಪ್ಪಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವ ಕನ್ನಡಿಗಳನ್ನು ಜೋಡಿಸಿ ಬಂದರು. ಆಮೇಲೆ 2009ರವರೆಗೆ ಇನ್ನೂ ನಾಲ್ಕು ಬಾರಿ ಹೋಗಿ ಹಳೆಯ ಉಪಕರಣ ತೆಗೆದು ಹೊಸದನ್ನು ಹಾಕಿದರು. ಇಂದಿನ ಹಬಲ್ 1990ರ ಹಬಲ್‌ಗಿಂತ ಎಷ್ಟೋ ಪಟ್ಟು ಸಮರ್ಥ.

ಹಬಲ್ ಮಾಡಿದ ಕೆಲಸಗಳಲ್ಲಿ ಒಂದರ ಬಗ್ಗೆ ಮಾತ್ರ ನಿಂತು ಮಾತನಾಡಬೇಕೆನಿಸುತ್ತದೆ. ಅದರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ 1995ರಲ್ಲಿ ತಮ್ಮ ಪಾಲಿಗೆ ಬರುವ ವೀಕ್ಷಣಾ ಸಮಯವನ್ನು ಏನೂ ಇಲ್ಲವೆಂದು ತೋರುವ ಒಂದು ಜಾಗಕ್ಕೆ ಮುಡಿಪಿಟ್ಟರು. ಸಪ್ತರ್ಷಿ ಮಂಡಲದ ಬಳಿಯ ಒಂದು ಪುಟ್ಟ ತುಣುಕು ಆಕಾಶ. ಅಷ್ಟು ದುಬಾರಿ ಸಮಯವನ್ನು ಖಾಲಿ ಜಾಗಕ್ಕೆ ಸುರಿಯುವುದು ಬೇಡ ಎಂದು ಹೇಳಿದ ದೊಡ್ಡ ವಿಜ್ಞಾನಿಗಳೂ ಇದ್ದರು. ಡಿಸೆಂಬರ್‌ನಲ್ಲಿ ಹತ್ತು ದಿನ ದೂರದರ್ಶಕ ಅಲ್ಲಿಯೇ ದೃಷ್ಟಿ ನೆಟ್ಟಿತು. ತೆಗೆದ 342 ಚಿತ್ರಗಳನ್ನು ಕೂಡಿಸಿದಾಗ ಆ ತುಣುಕಿನಲ್ಲಿ ಸುಮಾರು ಮೂರು ಸಾವಿರ ಗೆಲಾಕ್ಸಿಗಳು ಕಂಡವು. ಅದಕ್ಕಿಂತಲೂ ನಾನು ಮೆಚ್ಚುವ ಕೆಲಸ ಮುಂದಿನದು: ವಿಲಿಯಮ್ಸ್ ಆ ಮಾಹಿತಿಯನ್ನು ತಮ್ಮ ತಂಡಕ್ಕೆಂದು ಬಚ್ಚಿಡದೆ ತಡಮಾಡದೆ ಜಗತ್ತಿಗೆಲ್ಲ ಬಿಟ್ಟುಕೊಟ್ಟರು. ಯಾರು ಬೇಕಾದರೂ ತೆಗೆದುಕೊಂಡು ಸಂಶೋಧನೆ ಮಾಡಬಹುದು ಎಂದಾಯಿತು. ಖಗೋಳ ವಿಜ್ಞಾನದಲ್ಲಿ ಮಾಹಿತಿಯನ್ನು ಹಂಚಿಕೊಳ್ಳುವ ರೂಢಿಗೆ ಅದು ದೊಡ್ಡ ಬಲ ಕೊಟ್ಟಿತು.

ದೂರದ ಗೆಲಾಕ್ಸಿಗಳ ಬೆಳಕು ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗಿ, ಅತಿನೇರಳೆಯಾಗಿ ಹೊರಟದ್ದು ಅವಕೆಂಪಾಗಿ ತಲುಪುತ್ತದೆ. ಹೀಗಾಗಿ ಮೊದಮೊದಲ ಗೆಲಾಕ್ಸಿಗಳನ್ನು ನೋಡಬೇಕಾದರೆ ಅವಕೆಂಪು ದೂರದರ್ಶಕವೇ ಬೇಕು. ಅವಕೆಂಪು ಎಂದರೆ ಶಾಖ. ದೂರದರ್ಶಕವೇ ಬೆಚ್ಚಗಿದ್ದರೆ ತನ್ನ ಹೊಳಪಿನಲ್ಲಿ ತಾನೇ ಕುರುಡಾಗುತ್ತದೆ. ಜೇಮ್ಸ್ ವೆಬ್ ದೂರದರ್ಶಕವನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆಗೆ, ಎಲ್2 ಎಂಬ ತಾಣದ ಬಳಿಗೆ ಕಳಿಸಿದ್ದು ಇದಕ್ಕೇ. ಅಲ್ಲಿ ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ದಿಕ್ಕಿನಲ್ಲಿರುತ್ತವೆ. ಐದು ಪದರದ ಒಂದು ಬಿಸಿಲುಮರೆ ಹಿಡಿದು ಮೂರರ ಶಾಖವನ್ನೂ ತಡೆಯಬಹುದು. ಆ ಮರೆಯ ಹಿಂದೆ ಕನ್ನಡಿ ಸೊನ್ನೆಗಿಂತ ಇನ್ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ ತಣಿದಿರುತ್ತದೆ. 6.5 ಮೀಟರ್ ಅಗಲದ ಆ ಕನ್ನಡಿ ಹದಿನೆಂಟು ಷಟ್ಕೋನ ತುಂಡುಗಳದ್ದು. ಬೆರಿಲಿಯಂ ಲೋಹದ ಮೇಲೆ ತೆಳುವಾದ ಚಿನ್ನದ ಲೇಪ. ಇಡಿಯಾಗಿ ಹಿಡಿಸುವ ರಾಕೆಟ್ ಇಲ್ಲದ ಕಾರಣ ಮಡಚಿ ಕಳಿಸಿ, ದಾರಿಯಲ್ಲಿ ಬಿಡಿಸಿದರು. ಯಾವುದಾದರೂ ಒಂದೇ ಕೆಟ್ಟರೂ ಇಡೀ ಯೋಜನೆಗೆ ಕುತ್ತು ತರಬಲ್ಲ 344 ಹಂತಗಳನ್ನು ಗುರುತಿಸಿದ್ದರು. ಹಬಲ್‌ಗೆ ಹೋದಂತೆ ಅಲ್ಲಿಗೆ ಹೋಗಿ ರಿಪೇರಿ ಮಾಡಲು ಸಾಧ್ಯವಿಲ್ಲ. 2021ರ ಡಿಸೆಂಬರ್ 25ರಂದು ಹಾರಿದ ಅದು ಯಾವ ವಿಘ್ನವೂ ಇಲ್ಲದೆ ಅರಳಿ, 2022ರ ಜುಲೈನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿತು.

ಚಿತ್ರ ಎಂದಾಗ ಒಂದು ಅಡ್ಡಮಾತು. ಆ ಬಣ್ಣಗಳು ನಿಜವೇ, ಕಂಪ್ಯೂಟರಿನಲ್ಲಿ ಬಳಿದದ್ದೇ ಎಂದು ಎಲ್ಲ ಕಡೆಯೂ ಕೇಳುತ್ತಾರೆ. ವೆಬ್ ನೋಡುವ ಬಹುಪಾಲು ಬೆಳಕಿಗೆ ನಮ್ಮ ಕಣ್ಣಿನಲ್ಲಿ ಬಣ್ಣವೇ ಇಲ್ಲ. ಬೇರೆ ಬೇರೆ ಶೋಧಕಗಳ ಮೂಲಕ ಕಪ್ಪು ಬಿಳುಪಿನ ಚಿತ್ರಗಳನ್ನು ತೆಗೆದು, ಅತಿ ಉದ್ದದ ತರಂಗದೂರಕ್ಕೆ ಕೆಂಪು, ಅತಿ ಗಿಡ್ಡದ್ದಕ್ಕೆ ನೀಲಿ ಎಂದು ಕ್ರಮವಾಗಿ ಹೊಂದಿಸುತ್ತಾರೆ. ನಿಜವಾದ ವ್ಯತ್ಯಾಸವನ್ನು ನಮ್ಮ ಕಣ್ಣಿಗೆ ದಕ್ಕುವಂತೆ ಕೊಡುವ ವಿಧಾನ ಅದು. ಚಿತ್ರದಲ್ಲಿ ಒಂದು ಜಾಗ ಕೆಂಪಗಿದೆ ಎಂದರೆ ಅಲ್ಲಿಂದ ಉದ್ದದ ತರಂಗಗಳು ಹೆಚ್ಚು ಬರುತ್ತಿವೆ ಎಂದು ಓದಿಕೊಳ್ಳಿ.

ಇಷ್ಟು ಹಿನ್ನೆಲೆ ಹೇಳಿದ್ದು ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಬಗ್ಗೆ ಸಮಾಧಾನವಾಗಿ ಮಾತನಾಡಲು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಇದನ್ನು ಹೊತ್ತು ಹೋಗಿ 650 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಆಗ ಪತ್ರಿಕೆಗಳು ಇದನ್ನು ‘ಭಾರತದ ಹಬಲ್’ ಎಂದು ಕರೆದವು. ಆ ಬಿರುದು ನನಗೆ ಒಪ್ಪಿಗೆಯಿಲ್ಲ. ಹಬಲ್ ಕನ್ನಡಿ 2.4 ಮೀಟರ್, ಆಸ್ಟ್ರೋಸ್ಯಾಟಿನ ಅತಿನೇರಳೆ ದೂರದರ್ಶಕದ ಕನ್ನಡಿ 37.5 ಸೆಂಟಿಮೀಟರ್. ಹಾಗೆ ಹೋಲಿಸಿದರೆ ನಮ್ಮದು ಚಿಕ್ಕ ಹಬಲ್ ಆಗಿ ಕಾಣುತ್ತದೆ, ಅದು ಮಾಡಿದ ಕೆಲಸ ಮರೆಯಾಗುತ್ತದೆ. ಹಾಗೆಯೇ ಸುಮಾರು 180 ಕೋಟಿ ರೂಪಾಯಿಗೆ ಮುಗಿಸಿದೆವು, ಅವರು ಸಾವಿರಾರು ಕೋಟಿ ಸುರಿದರು ಎಂದು ಬೀಗುವುದೂ ಸರಿಯಲ್ಲ. ದೂರದರ್ಶಕವನ್ನು ಅಳೆಯಬೇಕಾದದ್ದು ಅದು ಯಾವ ಪ್ರಶ್ನೆ ಕೇಳಲು ಹುಟ್ಟಿತು, ಆ ಪ್ರಶ್ನೆಗೆ ತಕ್ಕ ಉತ್ತರ ತಂದಿತೇ ಎಂಬುದರಿಂದ.

ಆಸ್ಟ್ರೋಸ್ಯಾಟಿನ ಪ್ರಶ್ನೆ ಬೇರೆಯೇ ಆಗಿತ್ತು. ಕಪ್ಪುಕುಳಿಯ ಸುತ್ತಲಿನ ಅನಿಲದ ತಟ್ಟೆ ಕ್ಷಣಕ್ಷಣಕ್ಕೂ ಹೊಳಪು ಬದಲಿಸುತ್ತದೆ. ಹೊರಭಾಗ ಅತಿನೇರಳೆಯಲ್ಲಿ, ಒಳಭಾಗ ಕ್ಷ-ಕಿರಣದಲ್ಲಿ ಬೆಳಗುತ್ತದೆ. ಇಂದು ಒಂದು ಉಪಗ್ರಹದಿಂದ ಅತಿನೇರಳೆ, ನಾಳೆ ಇನ್ನೊಂದರಿಂದ ಕ್ಷ-ಕಿರಣ ನೋಡಿದರೆ ಎರಡನ್ನೂ ಹೊಂದಿಸುವುದು ಕಷ್ಟ, ಅಷ್ಟರಲ್ಲಿ ದೃಶ್ಯವೇ ಬದಲಾಗಿರುತ್ತದೆ. ಒಂದೇ ಉಪಗ್ರಹದಲ್ಲಿ ಅತಿನೇರಳೆ, ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣ, ಕಠಿಣ (ಹೆಚ್ಚು ಶಕ್ತಿಯ) ಕ್ಷ-ಕಿರಣ ಎಲ್ಲಕ್ಕೂ ಉಪಕರಣ ಇಟ್ಟು, ಎಲ್ಲವೂ ಒಂದೇ ಹೊತ್ತಿಗೆ ಒಂದೇ ಕಡೆ ನೋಡುವಂತೆ ಮಾಡಿದರು. ಅದರ ಕಕ್ಷೆಯನ್ನೂ ಯೋಚಿಸಿಯೇ ಆರಿಸಿದ್ದಾರೆ. ಸಮಭಾಜಕಕ್ಕೆ ಬರೀ ಆರು ಡಿಗ್ರಿ ಓರೆ. ದಕ್ಷಿಣ ಅಟ್ಲಾಂಟಿಕದ ಮೇಲೆ ವಿದ್ಯುದಾವಿಷ್ಟ ಕಣಗಳು ಕಿಕ್ಕಿರಿದ ಒಂದು ಪ್ರದೇಶವಿದೆ. ಅಲ್ಲಿ ಹಾದುಹೋಗುವಾಗ ಉಪಕರಣಗಳು ಕೆಲಸಕ್ಕೆ ಬಾರವು. ಈ ಕಕ್ಷೆಯಲ್ಲಿ ಅದರ ಅಂಚನ್ನಷ್ಟೇ ತಾಗಿ ಹೋಗಬಹುದು.

ಅತಿನೇರಳೆ ಉಪಕರಣ ಯುವಿಐಟಿಯನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಖಗೋಳ ಭೌತವಿಜ್ಞಾನ ಸಂಸ್ಥೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾ, ಟಾಟಾ ಸಂಸ್ಥೆ, ಇಸ್ರೋ, ಕೆನಡಾದ ಬಾಹ್ಯಾಕಾಶ ಸಂಸ್ಥೆ ಜೊತೆಗೂಡಿದ್ದವು. ಅತಿನೇರಳೆಯ ಕೆಲಸದಲ್ಲಿ ದೊಡ್ಡ ಶತ್ರು ಕೊಳೆ. ಕಣ್ಣಿಗೆ ಕಾಣದ ಕೊಳೆ: ಅಂಟು, ಬಣ್ಣ, ಪ್ಲಾಸ್ಟಿಕ್ಕುಗಳಿಂದ ಹೊರಡುವ ಆವಿ ಕನ್ನಡಿಯ ಮೇಲೆ ಕೆಲವೇ ಅಣುಗಳ ದಪ್ಪ ಕುಳಿತರೂ ಅತಿನೇರಳೆ ಬೆಳಕನ್ನು ನುಂಗಿಬಿಡುತ್ತದೆ. ಅದಕ್ಕಾಗಿ ಅತಿ ಶುದ್ಧ ಕೋಣೆ, ಉಪಕರಣದೊಳಗೆ ಶುದ್ಧ ಸಾರಜನಕದ ಹರಿವು, ಪ್ರತಿ ಬಿಡಿಭಾಗಕ್ಕೂ ಪರೀಕ್ಷೆ. ಕಕ್ಷೆಗೆ ಹೋದ ಮೇಲೂ ಆತುರಪಡಲಿಲ್ಲ. ಉಪಗ್ರಹದ ಮೈಯಿಂದ ಬರುವ ಆವಿಯೆಲ್ಲ ಹೊರಟುಹೋಗಲಿ ಎಂದು ಎರಡು ತಿಂಗಳು ಮುಚ್ಚಳ ತೆರೆಯದೆ ಕಾದರು. ಇಷ್ಟು ವರ್ಷ ದುಡಿದು ಕಟ್ಟಿದ ಉಪಕರಣ ಮೇಲೆ ಹೋಗಿ ಕುಳಿತಿರುವಾಗ ಎರಡು ತಿಂಗಳು ಸುಮ್ಮನಿರಲು ಎಂಥ ಸಂಯಮ ಬೇಕು ಎಂದು ಯೋಚಿಸಿ.

ಇನ್ನೊಂದು ಸೊಗಸಾದ ಉಪಾಯವಿದೆ. ಉಪಗ್ರಹ ಎಷ್ಟೇ ಸ್ಥಿರವಾಗಿದ್ದರೂ ಸ್ವಲ್ಪ ಓಲಾಡುತ್ತಲೇ ಇರುತ್ತದೆ. ಯುವಿಐಟಿ ಒಂದು ದೀರ್ಘ ಚಿತ್ರ ತೆಗೆಯುವ ಬದಲು ಸೆಕೆಂಡಿಗೆ ಸುಮಾರು 29 ಚಿತ್ರ ತೆಗೆಯುತ್ತದೆ, ಬಂದ ಒಂದೊಂದು ಫೋಟಾನನ್ನೂ, ಅಂದರೆ ಬೆಳಕಿನ ಕಣವನ್ನೂ, ಎಣಿಸುತ್ತದೆ. ನಕ್ಷತ್ರಗಳು ಎಷ್ಟು ಸರಿದಿವೆ ಎಂದು ನೋಡಿ, ನೆಲದ ಮೇಲೆ ಕಂಪ್ಯೂಟರಿನಲ್ಲಿ ಓಲಾಟವನ್ನು ಕಳೆದು ಎಲ್ಲವನ್ನೂ ಕೂಡಿಸುತ್ತಾರೆ. ಹೀಗೆ ಒಂದೂವರೆ ಆರ್ಕ್ ಸೆಕೆಂಡಿನ ಸ್ಪಷ್ಟತೆ ಸಿಕ್ಕಿತು. ಇದಕ್ಕೂ ಮುಂಚಿನ ನಾಸಾದ ಅತಿನೇರಳೆ ದೂರದರ್ಶಕ ಗ್ಯಾಲೆಕ್ಸ್‌ನದ್ದು ನಾಲ್ಕೈದು ಆರ್ಕ್ ಸೆಕೆಂಡ್. ಜೊತೆಗೆ ಇದು ಒಮ್ಮೆಗೆ ನೋಡುವ ಆಕಾಶ ಹುಣ್ಣಿಮೆಯ ಚಂದ್ರನಿಗಿಂತ ಸ್ವಲ್ಪವೇ ಚಿಕ್ಕದು. ಹಬಲ್‌ನ ಮುಖ್ಯ ಕ್ಯಾಮೆರಾ ಒಮ್ಮೆಗೆ ನೋಡುವುದು ಅದರ ಎಂಬತ್ತನೇ ಒಂದು ಪಾಲಿನಷ್ಟು.

ಇದರ ಫಲ ಒಂದೆರಡು ಹೇಳುತ್ತೇನೆ. ಧ್ರುವನಕ್ಷತ್ರದ ಬಳಿ ಎನ್‌ಜಿಸಿ 188 ಎಂಬ ಬಹಳ ಹಳೆಯ ನಕ್ಷತ್ರಗುಚ್ಛವಿದೆ. ಒಟ್ಟಿಗೆ ಹುಟ್ಟಿದ ನಕ್ಷತ್ರಗಳಲ್ಲಿ ದೊಡ್ಡವು, ನೀಲಿಯವು ಬೇಗ ಸಾಯುತ್ತವೆ. ಆದರೂ ಈ ಗುಂಪಿನಲ್ಲಿ ಕೆಲವು ನೀಲಿ ನಕ್ಷತ್ರಗಳು ಉಳಿದಿವೆ. ಪಕ್ಕದ ನಕ್ಷತ್ರದಿಂದ ಅನಿಲ ಸೆಳೆದುಕೊಂಡು ಅವು ಮತ್ತೆ ಹರೆಯ ಪಡೆದಿರಬೇಕು ಎಂಬುದು ಒಂದು ಊಹೆ. ಅನಿಲ ಕಳೆದುಕೊಂಡ ಆ ಸಂಗಾತಿ ಚಿಕ್ಕದಾಗಿ, ಬಿಸಿಯಾಗಿ ಉಳಿದಿರಬೇಕು. ಸಾಮಾನ್ಯ ಬೆಳಕಿನಲ್ಲಿ ದೊಡ್ಡದರ ಹೊಳಪಿನಲ್ಲಿ ಅದು ಕಾಣದು. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಯುವಿಐಟಿಯಲ್ಲಿ ನೋಡಿದಾಗ ಅಂಥ ಒಂದು ನೀಲಿ ನಕ್ಷತ್ರದಿಂದ ಬೇಕಾದದ್ದಕ್ಕಿಂತ ಹೆಚ್ಚು ಅತಿನೇರಳೆ ಬರುತ್ತಿತ್ತು. ಸುಮಾರು 17,000 ಡಿಗ್ರಿ ಬಿಸಿಯ ಸಂಗಾತಿಯೊಂದು ಅಲ್ಲಿದೆ ಎಂದು 2016ರಲ್ಲಿ ಅವರು ಪ್ರಕಟಿಸಿದರು.

ಎರಡನೆಯದು 2020ರಲ್ಲಿ ಪ್ರಕಟವಾದದ್ದು. ಅಯೂಕಾದ ಕನಕ್ ಸಾಹಾ ಅವರ ತಂಡ, ಹಬಲ್ ಬಹಳ ಆಳವಾಗಿ ನೋಡಿದ್ದ ಆಕಾಶದ ತುಣುಕಿನತ್ತಲೇ ಯುವಿಐಟಿಯನ್ನು 28 ಗಂಟೆ ತಿರುಗಿಸಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಿಂದ ತೀವ್ರ ಅತಿನೇರಳೆ ಬೆಳಕು ಹೊರಬರುತ್ತಿರುವುದು ಸಿಕ್ಕಿತು; ಹೈಡ್ರೋಜನ್ ಪರಮಾಣುವನ್ನು ಒಡೆಯುವಷ್ಟು ಬಲದ ಬೆಳಕು. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ತುಂಬಿದ್ದ ಹೈಡ್ರೋಜನ್ ಅನಿಲವನ್ನು ಅಯಾನುಗಳಾಗಿ ಒಡೆದದ್ದು ಯಾವ ಬೆಳಕು ಎಂಬ ದೊಡ್ಡ ಪ್ರಶ್ನೆಗೆ ಇದು ಸುಳಿವು. ಹಬಲ್‌ಗೆ ಸಿಗದದ್ದು ಇದಕ್ಕೆ ಸಿಕ್ಕಿದ್ದೇಕೆ? ಯುವಿಐಟಿಯ ಪತ್ತೆಕದಲ್ಲಿ ಹಿನ್ನೆಲೆಯ ಗದ್ದಲ ತೀರಾ ಕಡಿಮೆ. ಕೊಳೆ ಸೇರದಂತೆ, ಒಂದೊಂದು ಫೋಟಾನ್ ಎಣಿಸುವಂತೆ ಕಟ್ಟಿದವರ ಶ್ರಮ ಇಲ್ಲಿ ಕೈಗೂಡಿತು.

2018ರಲ್ಲಿ ಯುವಿಐಟಿಯ ಎರಡು ಅತಿನೇರಳೆ ವಾಹಿನಿಗಳಲ್ಲಿ ಒಂದು ನಿಂತುಹೋಯಿತು. ಇನ್ನೊಂದು ಕೆಲಸ ಮುಂದುವರಿಸಿತು. ಐದು ವರ್ಷಕ್ಕೆಂದು ರೂಪಿಸಿದ್ದ ಉಪಗ್ರಹ ಆ ಅವಧಿ ಮುಗಿದು ವರ್ಷಗಳಾದ ಮೇಲೂ ಮಾಹಿತಿ ಕಳಿಸುತ್ತಾ ಬಂತು.

ನೆಲದ ದೂರದರ್ಶಕಗಳ ಕಾಲ ಮುಗಿಯಿತೇ ಎಂದು ಕೇಳಿದವರಿಗೆ 2017ರ ಆಗಸ್ಟ್ 17ರ ಘಟನೆ ಹೇಳುತ್ತೇನೆ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಎದ್ದ ಗುರುತ್ವ ಅಲೆ, ಅಂದರೆ ದೇಶಕಾಲದ ಕಂಪನ, ಭೂಮಿಯ ಮೇಲಿನ ಲೈಗೋ, ವರ್ಗೋ ಪತ್ತೆಕಗಳಿಗೆ ತಾಗಿತು. ಅದಾದ 1.7 ಸೆಕೆಂಡಿಗೆ ಬಾಹ್ಯಾಕಾಶದ ಫರ್ಮಿ ದೂರದರ್ಶಕಕ್ಕೆ ಗಾಮಾ ಕಿರಣ ಬಡಿಯಿತು. ಅದು ಎಲ್ಲಿ ಎಂದು ಕಂಡುಹಿಡಿದದ್ದು ಚಿಲಿಯಲ್ಲಿರುವ, ಒಂದು ಮೀಟರ್ ಅಗಲದ ಸ್ವೋಪ್ ದೂರದರ್ಶಕ. ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಅದರ ರೇಡಿಯೋ ಹೊಳಪನ್ನು ಹಿಂಬಾಲಿಸಿತು. ಆಸ್ಟ್ರೋಸ್ಯಾಟಿಗೆ ಏನೂ ಕಾಣಲಿಲ್ಲ, ಏಕೆಂದರೆ ಆ ಹೊತ್ತಿಗೆ ಭೂಮಿ ಅಡ್ಡ ಬಂದಿತ್ತು. ಕಾಣದಿದ್ದದ್ದೂ ಉಪಯೋಗಕ್ಕೆ ಬಂತು: ಭೂಮಿಯ ಮರೆಯಲ್ಲಿದ್ದ ಆಕಾಶದಲ್ಲೇ ಆ ಸ್ಫೋಟ ಆಗಿರಬೇಕು ಎಂದು ಹುಡುಕುವ ಜಾಗ ಕಿರಿದಾಯಿತು. ಇವುಗಳಲ್ಲಿ ಯಾವುದೊಂದನ್ನು ತೆಗೆದರೂ ಆ ಘಟನೆಯ ಅರಿವು ಅಷ್ಟರಮಟ್ಟಿಗೆ ಕುಂದುತ್ತಿತ್ತು.

ಕೊನೆಯಲ್ಲಿ, ಭೌತವಿಜ್ಞಾನ ಓದುತ್ತಿರುವ ನಿಮಗೆ ನೇರವಾಗಿ ಒಂದು ಕೆಲಸ ಹೇಳುತ್ತೇನೆ. ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿ ಬೆಂಗಳೂರು ಹತ್ತಿರದ ಬ್ಯಾಲಾಳಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿದೆ. ವೀಕ್ಷಣೆ ಕೋರಿದವರಿಗೆಂದು ಕಾಯ್ದಿಟ್ಟ ಅವಧಿ ಕಳೆದ ಮೇಲೆ ಅದು ಎಲ್ಲರಿಗೂ ತೆರೆದಿರುತ್ತದೆ. ಹೆಸರು ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು, ಹಣ ಕೊಡಬೇಕಿಲ್ಲ. ಮೂರು ನಾಲ್ಕು ಜನ ಸೇರಿ ಯುವಿಐಟಿ ನೋಡಿದ ಒಂದು ನಕ್ಷತ್ರಗುಚ್ಛ ಆರಿಸಿಕೊಳ್ಳಿ. ಯುರೋಪಿನ ಗಾಯಾ ದೂರದರ್ಶಕ 180 ಕೋಟಿಯಷ್ಟು ನಕ್ಷತ್ರಗಳ ಸ್ಥಾನ, ಹೊಳಪು ಅಳೆದಿದೆ, ಬಹುಪಾಲಿನ ದೂರವನ್ನೂ ಚಲನೆಯನ್ನೂ ಕೊಟ್ಟಿದೆ, ಅದೂ ಉಚಿತ. ಗಾಯಾ ಪಟ್ಟಿಯಿಂದ ಆ ಗುಂಪಿಗೆ ನಿಜವಾಗಿ ಸೇರಿದ ನಕ್ಷತ್ರಗಳು ಯಾವುವು ಎಂದು ಮೊದಲು ಬೇರ್ಪಡಿಸಿ. ಆಮೇಲೆ ಯುವಿಐಟಿ ಚಿತ್ರದಲ್ಲಿ ಅವುಗಳ ಅತಿನೇರಳೆ ಹೊಳಪನ್ನು ಅಳೆಯಿರಿ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಂದರೆ ಸಾಕು, ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಡತಗಳು ಫಿಟ್ಸ್ ಎಂಬ ಮಾದರಿಯಲ್ಲಿರುತ್ತವೆ, ಅದನ್ನು ತೆರೆಯಲು ಕಲಿಯುವುದರಲ್ಲೇ ಮೊದಲ ಕೆಲವು ದಿನ ಹೋಗುತ್ತವೆ, ಬೇಸರಪಡಬೇಡಿ. ಹೊಳಪು ಒಂದು ಅಕ್ಷದಲ್ಲಿ, ಬಣ್ಣ ಇನ್ನೊಂದು ಅಕ್ಷದಲ್ಲಿ ಇಟ್ಟು ಚುಕ್ಕೆ ಹಾಕಿ. ಗುಂಪಿನ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತ ನಕ್ಷತ್ರ ಯಾವುದಾದರೂ ಇದೆಯೇ ಎಂದು ನೋಡಿ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಷ್ಟು ಸಾಕು.